‘ಈವನ್‌ಟೈಡ್’ ಧಾಟಿಯ ಮೂರು ಬ್ರಾಸ್ ಬ್ಯಾಂಡ್ ಅರೇಂಜ್‌ಮೆಂಟ್‌ಗಳು: ನುಡಿಸಿ ನೋಡಿದ ಹೋಲಿಕೆ

ಇಂಗ್ಲೆಂಡಿನ ಯಾರ್ಕ್‌ಷೈರಿನ ಹಳ್ಳಿಯೊಂದರ ಬ್ರಾಸ್ ಬ್ಯಾಂಡಿನಲ್ಲಿ, ಎಂದರೆ ಹಿತ್ತಾಳೆಯ ಊದುವಾದ್ಯಗಳ ತಂಡದಲ್ಲಿ, ನಾನು ನಡುವಿನ ದನಿಯ ಟೆನರ್ ಹಾರ್ನ್ ನುಡಿಸುತ್ತೇನೆ. ಇಲ್ಲಿನ ಅಭ್ಯಾಸ ಶುರುವಾಗುವುದೇ ಸ್ತುತಿಗೀತೆಯ ಧಾಟಿಯೊಂದರಿಂದ. ಉಸಿರು, ಶ್ರುತಿ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವ ಕಿವಿ, ಮೂರೂ ಅಲ್ಲೇ ಹದಕ್ಕೆ ಬರುತ್ತವೆ. ‘ಅಬೈಡ್ ವಿತ್ ಮಿ’ ಗೀತೆಗೆ ವಿಲಿಯಂ ಹೆನ್ರಿ ಮಂಕ್ 1861ರಲ್ಲಿ ಕೊಟ್ಟ ‘ಈವನ್‌ಟೈಡ್’ ಧಾಟಿಯನ್ನು ಕಳೆದ ವರ್ಷ ನಾವು ಮೂರು ಅರೇಂಜ್‌ಮೆಂಟ್‌ಗಳಲ್ಲಿ, ಎಂದರೆ ದನಿಗಳನ್ನು ವಾದ್ಯಗಳಿಗೆ ಹಂಚಿ ಬರೆದ ಮೂರು ಬಗೆಗಳಲ್ಲಿ, ನುಡಿಸಿ ನೋಡಿದೆವು. ಗಾಂಧೀಜಿಯವರಿಗೆ ಪ್ರಿಯವಾಗಿದ್ದ, 2022ರಲ್ಲಿ ಕೈಬಿಡುವವರೆಗೂ ದೆಹಲಿಯ ಬೀಟಿಂಗ್ ರಿಟ್ರೀಟ್‌ನಲ್ಲಿ ಕೇಳಿಬರುತ್ತಿದ್ದ ಈ ಧಾಟಿ ಊರಿನಲ್ಲಿದ್ದಾಗಲೇ ನನ್ನ ಕಿವಿಗೆ ಬಿದ್ದಿತ್ತು.

ಮೊದಲನೆಯದು, ಚರ್ಚಿನ ಗೀತಪುಸ್ತಕದ ನಾಲ್ಕು ದನಿಗಳನ್ನು ನಾನೇ ಹಾಗೆಯೇ ವಾದ್ಯಗಳಿಗೆ ಹಂಚಿ ಬರೆದದ್ದು. ಐದಾರು ಜನ ಬೀದಿಯಲ್ಲಿ ನಿಂತು ನುಡಿಸುವುದಕ್ಕೆ ಇಷ್ಟು ಸಾಕು. ಇಪ್ಪತ್ತೈದು ಜನರ ಪೂರ್ಣ ಬ್ಯಾಂಡಿಗೆ ಮಾತ್ರ ಇದು ಒಗ್ಗಲಿಲ್ಲ. ಮೇಲಿನಿಂದ ಎರಡನೆಯದಾದ ಆಲ್ಟೊ ದನಿಯನ್ನು ಎರಡನೇ ಕಾರ್ನೆಟ್‌ಗೆ (ತುತ್ತೂರಿಯಂಥ ಪುಟ್ಟ ವಾದ್ಯ) ಕೊಟ್ಟಿದ್ದೆ. ಅದು ಆ ವಾದ್ಯದ ತಗ್ಗು ಸ್ವರಗಳಲ್ಲಿ ಸಿಕ್ಕಿಕೊಂಡು ಮಂಕಾಯಿತು. ಯೂಫೋನಿಯಂ, ಬ್ಯಾರಿಟೋನ್, ಟ್ಯೂಬಾಗಳು ಕೆಳಗೆ ಒತ್ತೊತ್ತಾಗಿ ಸೇರಿ ನಾದ ಕದಡಿತು. ಉಸಿರಿನ ಗುರುತುಗಳೂ ಇರಲಿಲ್ಲವಾದ್ದರಿಂದ ಪ್ರತಿಯೊಬ್ಬರೂ ತಮಗೆ ತೋಚಿದಲ್ಲಿ ಉಸಿರೆಳೆದರು.

ಎರಡನೆಯದು ಬ್ಯಾಂಡಿಗೆಂದೇ ಬರೆದ ಅಚ್ಚಿನ ಅರೇಂಜ್‌ಮೆಂಟ್. ಕೇಳುವ ಶ್ರುತಿ ಮೊದಲಿನದೇ ಇ ಫ್ಲಾಟ್; ಈ ವಾದ್ಯಗಳ ಹಾಳೆಯಲ್ಲಿ ಬರೆಯುವ ಸ್ವರಕ್ಕೂ ಕೇಳುವ ಸ್ವರಕ್ಕೂ ಹೆಸರು ಬೇರೆಯಾದ್ದರಿಂದ ಅದು ಕಾರ್ನೆಟ್ಟಿನ ಹಾಳೆಯಲ್ಲಿ ಎಫ್, ನನ್ನ ಹಾಳೆಯಲ್ಲಿ ಸಿ. ವ್ಯತ್ಯಾಸವೆಲ್ಲ ನಡುವಿನ ದನಿಗಳಲ್ಲಿದೆ. ಎರಡನೇ ಸಾಲಿನ ಕೊನೆಯಲ್ಲಿ ಕಾರ್ನೆಟ್‌ಗಳು ತಮ್ಮ ಹಾಳೆಯ ಬಿ ನ್ಯಾಚುರಲ್‌ನಿಂದ ಸಿ ಸ್ವರಕ್ಕೆ ಏರುವಾಗ, ಹಾರ್ನ್ ತನ್ನ ಹಾಳೆಯ ಸಿ ಸ್ವರವನ್ನು ಒಂದು ಕ್ಷಣ ಹಿಡಿದಿಟ್ಟು ಅರ್ಧ ಸ್ವರ ಕೆಳಗಿಳಿಯುತ್ತದೆ. ನಾನು ಬರೆದ ಪ್ರತಿಯಲ್ಲಿ ಇದೇ ಇಳಿತ ತಗ್ಗಿನ ಕಾರ್ನೆಟ್‌ನಲ್ಲಿತ್ತು, ಯಾರಿಗೂ ಕೇಳಿಸಿರಲಿಲ್ಲ. ಹಾರ್ನ್‌ಗೆ ಬಂದಾಗ ಸಾಲಿನ ಅಷ್ಟೂ ಭಾರ ಅಲ್ಲಿ ಇಳಿದಂತಾಯಿತು, ನನ್ನ ಪಕ್ಕದಲ್ಲಿ ಕೂರುವ ಹಿರಿಯರು ತಿರುಗಿ ನೋಡಿ ತಲೆದೂಗಿದರು. ಬ್ರಾಸ್ ಬ್ಯಾಂಡಿನ ಅರೇಂಜ್‌ಮೆಂಟ್ ಅಳೆಯಬೇಕಾದದ್ದು ಕಾರ್ನೆಟ್ಟಿನ ಹಾಳೆಯಿಂದಲ್ಲ, ಹಾರ್ನ್ ಮತ್ತು ಬ್ಯಾರಿಟೋನ್‌ಗಳ ಹಾಳೆಯಿಂದ ಎಂದು ನನಗೆ ದೃಢವಾದದ್ದು ಆಗಲೇ.

ಮೂರನೆಯದು ಕಛೇರಿಗೆಂದು ಬರೆದದ್ದು. ಎರಡನೇ ಚರಣದಲ್ಲಿ ಧಾಟಿ ಯೂಫೋನಿಯಂಗೆ ಸಾಗಿ, ನಾದ ತಗ್ಗಿಸುವ ಮ್ಯೂಟ್ ಹಾಕಿದ ಕಾರ್ನೆಟ್‌ಗಳು ಅದರ ಮೇಲೆ ತೆಳುವಾಗಿ ತೇಲುತ್ತವೆ; ಕೊನೆಯ ಚರಣದಲ್ಲಿ ಕೇಳುವ ಶ್ರುತಿಯೇ ಎಫ್‌ಗೆ ಏರಿ, ಸೊಪ್ರಾನೊ ಕಾರ್ನೆಟ್ ಮೇಲೊಂದು ಬೇರೆಯೇ ಸ್ವರಮಾಲೆ ಹೆಣೆಯುತ್ತದೆ. ಕೇಳಲು ಇದರಷ್ಟು ಸೊಗಸಾದದ್ದು ಉಳಿದೆರಡರಲ್ಲಿಲ್ಲ. ಆದರೆ ಜನ ಜೊತೆಗೆ ಹಾಡುವಾಗ ಇದೇ ತೊಡಕಾಗುತ್ತದೆ: ಹಾಡುವವರ ಲೆಕ್ಕದಲ್ಲಿ, ಇ ಫ್ಲಾಟ್‌ನಲ್ಲಿ ಸಿ ಸ್ವರಕ್ಕೆ ನಿಲ್ಲುವ ಧಾಟಿಯ ತುದಿ ಎಫ್‌ನಲ್ಲಿ ಡಿ ಮುಟ್ಟುತ್ತದೆ, ಅಲ್ಲಿಗೆ ಹಿಂದಿನ ಸಾಲುಗಳ ಗಂಡಸರ ದನಿ ಉಡುಗಿಹೋಗುತ್ತದೆ.

ಹಾಗಾಗಿ ಯುದ್ಧದಲ್ಲಿ ಮಡಿದವರನ್ನು ನೆನೆಯುವ ನವೆಂಬರಿನ ಸ್ಮರಣೆಯ ಭಾನುವಾರ, ಕೊರೆಯುವ ಚಳಿಯಲ್ಲಿ ಸ್ಮಾರಕದ ಮುಂದೆ ನಿಂತಾಗ, ನಮ್ಮ ಸ್ಟ್ಯಾಂಡುಗಳ ಮೇಲೆ ಎರಡನೆಯದೇ ಇತ್ತು. ಮೂರನೆಯದನ್ನು ಡಿಸೆಂಬರಿನ ಕಛೇರಿಗೆ ಎತ್ತಿಟ್ಟೆವು. ನನ್ನ ಕೈಬರಹದ ಪ್ರತಿಯಲ್ಲಿ ಆಲ್ಟೊ ದನಿಯನ್ನು ಹಾರ್ನ್‌ಗೆ ವರ್ಗಾಯಿಸಿ ಮತ್ತೆ ಬರೆಯುತ್ತಿದ್ದೇನೆ. ಆರು ಜನರಷ್ಟೇ ಬಂದ ಸಂಜೆಗೆ ಅದು ಬೇಕಾಗುತ್ತದೆ.