ಹೈ ಬಾನೆಟ್ ಜೀಪಿಗೆ ಗುಜರಿ ಡೀಸೆಲ್ ಎಂಜಿನ್ ಕೂರಿಸುವ ಮುಂಚೆ ಇದನ್ನು ಓದಿ

ಮೂರ್ನಾಡು ಕಡೆಯ ಕಾಫಿ ತೋಟವೊಂದರಲ್ಲಿ 1960ರ ದಶಕದ ಹೈ ಬಾನೆಟ್ ಜೀಪು, ಅಂದರೆ ವಿಲ್ಲೀಸ್ ಸಿಜೆ-3ಬಿ ಇತ್ತು. ಪೆಟ್ರೋಲ್ ಎಂಜಿನ್ "ಹೋಯ್ತು" ಎಂದು ಗ್ಯಾರೇಜಿನವರು ಬಾಯಿಮಾತಲ್ಲೇ ತೀರ್ಮಾನಿಸಿ, ಅದನ್ನು ತೂಕಕ್ಕೆ ಹಾಕಿ, 2523 ಸಿಸಿಯ ಹಳೇ ಡೀಸೆಲ್ ಎಂಜಿನ್ ಕೂರಿಸಿಕೊಟ್ಟರು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಪುಡಿಯಾಯಿತು. ಸಂಪಾಜೆ ಘಾಟಿ ಇಳಿಯುವಾಗ ಟಾಪ್ ಗೇರ್ ತಾನಾಗಿಯೇ ಕಳಚಿ ನ್ಯೂಟ್ರಲ್‌ಗೆ ಬಂತು. ಎಂಜಿನ್ನಿನ ಹಿಡಿತ ತಪ್ಪಿದ ಮೇಲೆ ಉಳಿದದ್ದು 9 ಇಂಚಿನ ಡ್ರಮ್ ಬ್ರೇಕ್ ಮಾತ್ರ, ಅದಕ್ಕೆ ಬೂಸ್ಟರ್ ಇಲ್ಲ. ಜೀವಕ್ಕೇನೂ ಆಗಲಿಲ್ಲ, ಅಷ್ಟೇ ಸಮಾಧಾನ.

ತಪ್ಪು ನಡೆದದ್ದು ಅಡಾಪ್ಟರ್ ಪ್ಲೇಟಿನಲ್ಲಿ. ಈ ಜೀಪಿನ ಟಿ-90 ಮೂರು ಗೇರಿನ ಪೆಟ್ಟಿಗೆಗೆ ಬೇರೆ ಎಂಜಿನ್ ಜೋಡಿಸಲು ನಡುವೆ ಒಂದು ಕಬ್ಬಿಣದ ತಟ್ಟೆ ಬೇಕು. ಬೋಲ್ಟ್ ತೂತು ಹೊಂದಿದರೆ ಸಾಕು ಎಂದುಕೊಂಡು ಅದನ್ನು ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದ್ದರು. ಬೋಲ್ಟ್ ಬಿಗಿ ಹಿಡಿಯುತ್ತದೆಯೇ ಹೊರತು ನೇರ ನಿಲ್ಲಿಸುವುದಿಲ್ಲ, ಆ ಕೆಲಸ ಡಾವೆಲ್ ಪಿನ್ನಿನದು. ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕಿನ ಮಧ್ಯಕ್ಕೂ, ಕ್ಲಚ್ಚನ್ನು ಮುಚ್ಚಿ ಗೇರ್‌ಬಾಕ್ಸನ್ನು ಹಿಡಿಯುವ ಬೆಲ್ ಹೌಸಿಂಗಿನ ಮಧ್ಯಕ್ಕೂ 0.12 ಮಿಮೀಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಪ್ರತಿ ಸುತ್ತಿಗೂ ಬಾಗುತ್ತದೆ. ಅದರ ತುದಿ ಹಿಡಿಯುವ ಪೈಲಟ್ ಬುಷ್ ಸವೆಯುತ್ತದೆ, ಬೇರಿಂಗ್ ಕೂಗುತ್ತದೆ, ಕೊನೆಗೆ ಗೇರ್ ಕಳಚುತ್ತದೆ.

ಅಳೆಯುವುದು ಕಷ್ಟವಲ್ಲ. ಗೇರ್‌ಬಾಕ್ಸ್ ಏರಿಸುವ ಮೊದಲು ಡಯಲ್ ಗೇಜಿನ ಮ್ಯಾಗ್ನೆಟ್ ಸ್ಟ್ಯಾಂಡನ್ನು ಫ್ಲೈವೀಲಿಗೆ ಅಂಟಿಸಿ, ಮುಳ್ಳನ್ನು ಬೆಲ್ ಹೌಸಿಂಗಿನ ದುಂಡು ಬಾಯಿಯ ಒಳಮೈಗೆ ತಾಗಿಸಿ, ಕ್ರ್ಯಾಂಕನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ. ಗೇಜಿನ ಒಟ್ಟು ಓಡಾಟ 0.25 ಮಿಮೀ ಒಳಗಿರಬೇಕು (ಗೇಜು ತೋರಿಸುವುದು ಮಧ್ಯದ ವ್ಯತ್ಯಾಸದ ಎರಡರಷ್ಟು). ಸರಿಹೊಂದಿದ ಮೇಲೆಯೇ ಡಾವೆಲ್ ಹಾಕಿಸಿ. "ಕಣ್ಣಳತೆ ಸಾಕು" ಎನ್ನುವ ಮೇಸ್ತ್ರಿಯ ಕೈಗೆ ಗಾಡಿ ಕೊಡಬೇಡಿ.

ಇನ್ನೊಂದು ಲೆಕ್ಕ, ಎಂಜಿನ್ ಕೊಳ್ಳುವ ಮೊದಲೇ ಮಾಡಬೇಕಾದದ್ದು. ಈ ಜೀಪಿನ ಆಕ್ಸಲ್ ಅನುಪಾತ 5.38, ಅಂದರೆ ಟಾಪ್ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ 5.38 ಸುತ್ತು ತಿರುಗಬೇಕು. 6.00-16 ಟೈರಿನಲ್ಲಿ ಟಾಪ್ ಗೇರಿಗೆ ಗಂಟೆಗೆ 60 ಕಿಮೀ ಓಡಲು ಎಂಜಿನ್ ನಿಮಿಷಕ್ಕೆ ಸುಮಾರು 2400 ಸುತ್ತು ತಿರುಗಬೇಕು. 4000 ಸುತ್ತಿನವರೆಗೂ ಏರುವ ಮೂಲ ಪೆಟ್ರೋಲ್ ಎಂಜಿನ್‌ಗೆ ಅದು ಲೀಲಾಜಾಲ. ಟ್ರ್ಯಾಕ್ಟರ್ ಸ್ವಭಾವದ ನಿಧಾನದ ಡೀಸೆಲ್‌ಗೆ ಅಲ್ಲಿಗೇ ಉಸಿರು ಮುಗಿಯುತ್ತದೆ. ಡೀಸೆಲ್ಲೇ ಬೇಕೆಂದಿದ್ದರೆ ಪ್ಯೂಜೋ ಎಕ್ಸ್‌ಡಿಪಿ 4.90 ವಾಸಿ. 2112 ಸಿಸಿ, 4500 ಸುತ್ತಿನವರೆಗೆ ಏರುತ್ತದೆ. ಎಂಜಿನ್, ಕ್ಲಚ್, ಬೆಲ್ ಹೌಸಿಂಗ್, ಗೇರ್‌ಬಾಕ್ಸ್ ನಾಲ್ಕನ್ನೂ ಈ ಎಂಜಿನ್ ಇದ್ದ ಮಹೀಂದ್ರ ಎಂಎಂ540 ಜೀಪೊಂದರಿಂದಲೇ ತೆಗೆದರೆ ಅಡಾಪ್ಟರಿನ ರಗಳೆಯೇ ಇಲ್ಲ. ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಗುತ್ತದೆ, ಅದರ ಖರ್ಚನ್ನೂ ಸೇರಿಸಿಕೊಳ್ಳಿ. ಮುಂದಿನ ಸ್ಪ್ರಿಂಗ್ ಪ್ಲೇಟುಗಳು ಪೂರ್ತಿ ಒತ್ತಿದಾಗ ಮುಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್, ಎಂಜಿನ್ ಕೆಳಗಿನ ಆಯಿಲ್ ಸಂಪಿಗೆ ತಾಗುತ್ತದೆಯೇ ನೋಡಿ. ಮಾಂದಲ್‌ಪಟ್ಟಿಯಂಥ ದಾರಿಯಲ್ಲಿ ಒಂದೇ ಗುಂಡಿ ಸಾಕು ಸಂಪ್ ಒಡೆಯಲು.

ಆದರೆ ಮೂಲ ಎಂಜಿನ್ ನಿಜಕ್ಕೂ ಸತ್ತಿತ್ತೇ? ಯಾರೂ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿರಲಿಲ್ಲ. ಅದು ಹರಿಕೇನ್ ಎಫ್-ಹೆಡ್ ಎಂಜಿನ್, 2.2 ಲೀಟರ್, ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಶಕ್ತಿ ಕಳೆದುಕೊಂಡರೆ ಮೊದಲು ಸುಟ್ಟಿರುವುದು ಸಾಮಾನ್ಯವಾಗಿ ಎಕ್ಸಾಸ್ಟ್ ವಾಲ್ವೇ. ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಅಳೆಯಿರಿ. 120ರಿಂದ 130 ಪಿಎಸ್ಐ ಇರಬೇಕು, ಸಿಲಿಂಡರುಗಳ ನಡುವೆ 10ಕ್ಕಿಂತ ಹೆಚ್ಚು ಅಂತರ ಇರಬಾರದು. ಕಡಿಮೆ ಬಂದಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ: ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಎರಡೂ ರಿಪೇರಿಯಾಗುವಂಥವು. ಬ್ಲಾಕಿನಲ್ಲಿ ಎಕ್ಸಾಸ್ಟ್ ಸೀಟಿನ ಹತ್ತಿರ ಬಿರುಕಿದ್ದರೆ ಮಾತ್ರ ಯೋಚಿಸಬೇಕು.

ಕಾಗದಪತ್ರದ ನಷ್ಟ ಇನ್ನೂ ದೊಡ್ಡದು. ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಇಂಧನ ಎರಡೂ ತಪ್ಪಾಗುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಮಡಿಕೇರಿ ಆರ್‌ಟಿಒ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ಸಿಗುವ ವಿಂಟೇಜ್ ನೋಂದಣಿಗೂ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ತೂಕಕ್ಕೆ ಹಾಕಿದ ಎಂಜಿನ್ ಜೊತೆಗೆ ಆ ಅವಕಾಶವೂ ಗುಜರಿಗೆ ಹೋಯಿತು.

ನಿಮ್ಮ ಜೀಪಿಗೆ ಈಗಾಗಲೇ ಇಂಥ ಎಂಜಿನ್ ಕೂರಿಸಿಯಾಗಿದ್ದರೆ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ಲಿವರ್ ಅದುರುತ್ತದೆಯೇ ಗಮನಿಸಿ. ಗೇರ್‌ಬಾಕ್ಸ್ ಆಯಿಲ್ ಇಳಿಸಿ ಬೆಳಕಿಗೆ ಹಿಡಿಯಿರಿ. ಲೋಹದ ಹೊಳಪು ಕಂಡರೆ ಬೆಲ್ ಹೌಸಿಂಗ್ ಅಳೆಸುವವರೆಗೆ ಗಾಡಿಯನ್ನು ಘಾಟಿಗೆ ಇಳಿಸಬೇಡಿ.