ಮರದ ಡೆಕ್‌ಗೆ ಯಾವ ಸ್ಟೇನ್? ನಾಲ್ಕು ಬಗೆ ಹಚ್ಚಿ ನೋಡಿದ ಹೋಲಿಕೆ

ಮಹಡಿ ಮೇಲಿನ ಡೆಕ್‌ಗೆ, ಅಂದರೆ ಬಯಲಿನಲ್ಲಿ ಹಾಸಿದ ಹಲಗೆ ನೆಲಕ್ಕೆ, ಏನು ಹಚ್ಚಬೇಕು ಅಂತ ಮೈಸೂರಿನಲ್ಲಿ ಯಾವ ಪೇಂಟ್ ಅಂಗಡಿಯಲ್ಲಿ ಕೇಳಿದರೂ ನನಗೆ ಸಿಕ್ಕಿದ್ದು ಒಂದೇ ಉತ್ತರ: 'ಪಿಯು ಹೊಡೆಸಿ ಸಾರ್, ಫಳಫಳ ಅನ್ನುತ್ತೆ.' ಪಿಯು ಅಂದರೆ ಪಾಲಿಯುರೆಥೇನ್, ಹೊಳೆಯುವ ಪಾರದರ್ಶಕ ವಾರ್ನಿಶ್. ಬಾಗಿಲಿಗೆ, ಊಟದ ಟೇಬಲ್ಲಿಗೆ ಆ ಮಾತು ಸರಿ. ಬಿಸಿಲು, ಮಳೆ ಎರಡೂ ಬೀಳುವ, ದಿನಾ ಓಡಾಡುವ ನೆಲಕ್ಕೆ ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ.

ಕುವೆಂಪುನಗರದ ನಮ್ಮ ಮನೆಯಲ್ಲಿ ಡೆಕ್‌ನ ಹಲಗೆ ತೇಗ, ರೇಲಿಂಗ್ ಹೊನ್ನೆ. ಅಗ್ರಹಾರದ ಕಡೆ ಒಂದು ಹಳೇ ಮನೆ ಕೆಡವಿದಾಗ ಸಿಕ್ಕ ಹೊನ್ನೆ ಅದು. ಮರ ಬೇರೆ ಬೇರೆಯಾದರೂ ಬಣ್ಣ ಒಂದೇ ಸಮ ಕಾಣಬೇಕಿತ್ತು. ಅದಕ್ಕೆ ಪಿಯು, ಅಗಸೆ ಎಣ್ಣೆ, ವಾಟರ್‌ಬೇಸ್ ಸ್ಟೇನ್, ಆಯಿಲ್ ಸ್ಟೇನ್ (ಸ್ಟೇನ್ ಅಂದರೆ ಮರದ ಎಳೆ ಮುಚ್ಚದೆ ಬಣ್ಣ ಕೊಡುವ ದ್ರವ) ನಾಲ್ಕನ್ನೂ ಎರಡೂ ಮರದ ಉಳಿಕೆ ತುಂಡುಗಳಿಗೆ ಹಚ್ಚಿದೆ. ಮಳೆಗಾಲ ಮುಗಿಯುವ ತನಕ ಬಯಲಿನಲ್ಲೇ ಬಿಟ್ಟೆ.

ಪಿಯು ಶುರುವಿನಲ್ಲಿ ಎಲ್ಲಕ್ಕಿಂತ ಹೊಳಪು. ಆದರೆ ಅದು ಮರದ ಮೇಲೆ ಕೂರುವ ಪದರ. ನೀರು ಕುಡಿದು ಮರ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಪದರ ಅಷ್ಟು ಹಿಗ್ಗಲಾರದು. ಸಾಲದ್ದಕ್ಕೆ ಬಿಸಿಲು ಪಾರದರ್ಶಕ ಪದರವನ್ನು ದಾಟಿ ಒಳಗಿನ ಮರಕ್ಕೇ ತಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಅಕ್ಟೋಬರ್ ಹೊತ್ತಿಗೆ ತುಂಡಿನ ಕೊಯ್ದ ತುದಿ ಬೆಳ್ಳಗಾಗಿತ್ತು. ಉಗುರು ಹಾಕಿದರೆ ಈರುಳ್ಳಿ ಸಿಪ್ಪೆ ಹಾಗೆ ಎದ್ದು ಬಂತು. ಇದನ್ನು ರಿಪೇರಿ ಮಾಡೋದು ಅಂದರೆ ಪೂರ್ತಿ ಉಜ್ಜಿ ತೆಗೆದು ಮೊದಲಿಂದ ಶುರು ಮಾಡೋದು. ಒದ್ದೆ ಕಾಲಲ್ಲಿ ನಡೆದರೆ ಜಾರುತ್ತದೆ ಕೂಡ. ವಯಸ್ಸಾದವರಿರುವ ಮನೆಗೆ ಬೇಡವೇ ಬೇಡ.

ಅಗಸೆ ಎಣ್ಣೆ ಹಚ್ಚಿದ ತೇಗದ ಚೆಲುವಿಗೆ ಸಾಟಿಯಿಲ್ಲ. ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು, ಹಾಗಾಗಿ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಅಂತಲೇ ಕೇಳಿ. ಆದರೆ ಇದರಲ್ಲಿ ಬಣ್ಣದ ಪುಡಿ ಇಲ್ಲ, ಬಿಸಿಲನ್ನು ತಡೆಯೋದಿಲ್ಲ. ಮಳೆಯಲ್ಲಿ ಕಪ್ಪು ಬೂಷ್ಟು ಚುಕ್ಕೆಚುಕ್ಕೆಯಾಗಿ ಹಿಡಿಯಿತು. ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಆಯಿಲ್ ಸ್ಟೇನ್ ಬಟ್ಟೆಗೂ ಇದೇ ಎಚ್ಚರ ಬೇಕು. ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ವಾಟರ್‌ಬೇಸ್ ಸ್ಟೇನ್ ಕೆಲಸಕ್ಕೆ ಸುಲಭ. ವಾಸನೆ ಕಮ್ಮಿ, ಬ್ರಶ್ ನೀರಲ್ಲೇ ತೊಳೆಯಬಹುದು. ತೊಂದರೆ ಎರಡು. ನಮ್ಮ ಬಿಸಿಲಿಗೆ ಅದು ಎಷ್ಟು ಬೇಗ ಒಣಗುತ್ತದೆ ಅಂದರೆ, ಬ್ರಶ್ ಎರಡನೇ ಸಲ ತಾಗಿದ ಕಡೆಯೆಲ್ಲಾ ಕಪ್ಪು ಪಟ್ಟಿ ಉಳಿಯುತ್ತದೆ. ಇನ್ನೊಂದು ತೊಂದರೆ ಹೊನ್ನೆಯದು. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಿಗ್ಗೆ ನೀರಿಗೆ ಬಣ್ಣ ಬಂದಿರುತ್ತದೆ, ಅಲ್ವಾ? ಅದೇ ಬಣ್ಣ ಇಲ್ಲೂ ಸ್ಟೇನ್‌ನ ನೀರಿಗೆ ಇಳಿದು, ಮೇಲೆ ಕಂದು ಕಲೆಯಾಗಿ ಎದ್ದಿತು. ಸಿಲ್ವರ್ ಓಕ್‌ನಂಥ ತಿಳಿ ಮರದ ರೇಲಿಂಗ್, ಅದೂ ನೆರಳಲ್ಲಿ ಇದ್ದರೆ, ಇದನ್ನು ಯೋಚಿಸಬಹುದು.

ಉಳಿದದ್ದು ಆಯಿಲ್ ಸ್ಟೇನ್. ನಾನು ಆರಿಸಿಕೊಂಡಿದ್ದೂ ಅದನ್ನೇ. ಇದರಲ್ಲಿ ಎಣ್ಣೆ ಮರದೊಳಕ್ಕೆ ಇಳಿಯುತ್ತದೆ, ಬಣ್ಣದ ಪುಡಿ ಬಿಸಿಲನ್ನು ತಡೆಯುತ್ತದೆ. ನಿಧಾನವಾಗಿ ಒಣಗುವುದರಿಂದ ಬಣ್ಣ ಸಮ ಮಾಡಲು ಸಮಯ ಸಿಗುತ್ತದೆ. ಹಚ್ಚಿ 10-15 ನಿಮಿಷ ಬಿಟ್ಟು, ಮರ ಕುಡಿಯದೆ ಬಿಟ್ಟದ್ದನ್ನು ಹತ್ತಿ ಬಟ್ಟೆಯಿಂದ ಮರದ ಎಳೆಯ ಉದ್ದಕ್ಕೂ ಒರೆಸಬೇಕು. ನಮ್ಮ ಪಾಲಿಶ್ ಮೇಸ್ತ್ರಿ ಹೇಳುತ್ತಿದ್ದದ್ದು: 'ಹಚ್ಚೋದು ಯಾರು ಬೇಕಾದ್ರೂ ಹಚ್ತಾರೆ ಸಾರ್, ಒರೆಸೋದ್ರಲ್ಲೇ ಇರೋದು ಕೆಲಸ.' ವಾಸನೆ ಮಾತ್ರ ಜಾಸ್ತಿ, ಕೈ ತೊಳೆಯೋಕೂ ಟರ್ಪೆಂಟೈನ್ ಬೇಕು. ಆದರೆ ಹಳತಾದಾಗ ಸಿಪ್ಪೆ ಏಳದೆ ಸುಮ್ನೆ ಮಾಸುತ್ತದೆ. ತೊಳೆದು, ಒಣಗಿಸಿ, ಇನ್ನೊಂದು ಕೋಟ್ ಕೊಟ್ಟರೆ ಆಯ್ತು.

ಅರ್ಧ ಕೆಲಸ ಡಬ್ಬ ತೆರೆಯುವ ಮುಂಚೆಯೇ ಇದೆ. ಹಲಗೆಯನ್ನು 80 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, 120ಕ್ಕೆ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಮರ ಸ್ಟೇನ್ ಕುಡಿಯುವುದೇ ಕಮ್ಮಿಯಾಗುತ್ತದೆ. ತೇಗದಲ್ಲಿ ಅದರದೇ ಎಣ್ಣೆ ಇರುತ್ತದೆ, ಹಾಗಾಗಿ ಹಚ್ಚುವ ಸ್ವಲ್ಪ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಒಂದೇ ಶೇಡಿನ ಎರಡು ಮೂರು ಡಬ್ಬ ಇದ್ದರೆ ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು, ತಳದಿಂದ ಕಲಕಿ. ಒಂದೇ ನಂಬರ್ ಆದರೂ ಡಬ್ಬದಿಂದ ಡಬ್ಬಕ್ಕೆ ಬಣ್ಣ ಕೊಂಚ ಬೇರೆ ಇರಬಹುದು. ಹಲಗೆಯ ಈ ತುದಿಯಿಂದ ಆ ತುದಿವರೆಗೆ ಒಂದೇ ಓಟದಲ್ಲಿ ಮುಗಿಸಿ, ನಡುವೆ ನಿಲ್ಲಿಸಬೇಡಿ.

ರೇಲಿಂಗ್ ಬೇರೆಯೇ ಕಥೆ. ನಮ್ಮದು ಲೇತ್‌ನಲ್ಲಿ ಕಡೆದ ಕಂಬಿಗಳು. ಕಡೆದ ಗೀರುಗಳಲ್ಲಿ ಎಳೆ ಅಡ್ಡ ಕೊಯ್ದಂತಿರುತ್ತದೆ. ಅಲ್ಲಿ ಸ್ಟೇನ್ ಜಾಸ್ತಿ ಇಳಿದು ಕಪ್ಪು ಉಂಗುರ ಕಾಣುತ್ತದೆ. ಆ ಗೀರುಗಳನ್ನೂ ಕೊಯ್ದ ತುದಿಗಳನ್ನೂ ಮಾತ್ರ 180ರವರೆಗೆ ಉಜ್ಜಿದೆ, ಉಂಗುರ ತಿಳಿಯಾಯಿತು. ಕಂಬಿಗೆ ಬ್ರಶ್ ಹಿಡಿದರೆ ಬುಡಕ್ಕೆ ಸೋರುತ್ತದೆ. ಬಟ್ಟೆ ಅದ್ದಿ, ಹಿಂಡಿ, ಕಂಬಿ ಸುತ್ತ ಹಿಡಿದು ಮೇಲಿನಿಂದ ಕೆಳಕ್ಕೆ ಎಳೆಯುವುದೇ ವಾಸಿ. ಸ್ಪ್ರೇ ಬೇಗ ಆಗುತ್ತದೆ ಅಂತಾರೆ, ಮಹಡಿ ಗಾಳಿಗೆ ಅರ್ಧ ಪಕ್ಕದ ಮನೆ ಗೋಡೆಗೆ ಹೋಗುತ್ತದೆ. ರೇಲಿಂಗ್ ಮುಗಿಸಿದ ಮೇಲೇ ನೆಲಕ್ಕೆ ಇಳಿಯಿರಿ. ಹೊನ್ನೆ ಮೊದಲೇ ಗಾಢ. ಅದಕ್ಕೆ ತಿಳಿ ಶೇಡ್, ತೇಗಕ್ಕೆ ಒಂದು ಹಂತ ಗಾಢ ಶೇಡ್ ಹಾಕಿದ ಮೇಲೆ ಎರಡೂ ಹೊಂದಿಕೊಂಡವು. ಒಂದೇ ಡಬ್ಬದಲ್ಲಿ ಇದು ಆಗುತ್ತಿರಲಿಲ್ಲ.

ಮೈಸೂರಿಗೆ ಮೇ ಮಳೆಯೂ ಉಂಟು, ಅಕ್ಟೋಬರ್ ಮಳೆಯೂ ಉಂಟು. ದೀಪಾವಳಿ ಕಳೆದು, ಮಳೆ ನಿಂತು ಮರ ಚೆನ್ನಾಗಿ ಒಣಗಿದ ಮೇಲೆ, ಫೆಬ್ರವರಿ ಒಳಗೆ ಮುಗಿಸಿಕೊಳ್ಳುವುದು ಒಳ್ಳೇದು. ಚಳಿಗಾಲದಲ್ಲಿ ಬೆಳಿಗ್ಗೆ ಇಬ್ಬನಿ ಇರುತ್ತದೆ, ಅದು ಆರಿದ ಮೇಲೆ ಶುರು ಮಾಡಿ. ನೇರ ಬಿಸಿಲು ಬಿದ್ದ ಹಲಗೆಯನ್ನು ನೆರಳು ಬರುವ ತನಕ ಮುಟ್ಟಬೇಡಿ. ಮುಂದಿನ ಕೋಟ್ ಯಾವಾಗ ಅಂತ ತಿಳಿಯಲು ನೀರು ಚಿಮುಕಿಸಿ: ಹನಿ ಮುತ್ತಾಗಿ ನಿಂತರೆ ಈಗ ಬೇಡ, ಮರ ಕುಡಿದರೆ ಹಚ್ಚುವ ಕಾಲ ಬಂತು. ಬಿಸಿಲು ಹೆಚ್ಚು ಬೀಳುವ ರೇಲಿಂಗ್‌ನ ಮೇಲ್ಪಟ್ಟಿಯಲ್ಲೇ ಮೊದಲು ನೋಡಿ, ಅದು ಕಂಬಿಗಳಿಗಿಂತ ಬೇಗ ಕೋಟ್ ಕೇಳುತ್ತದೆ.