ಎರಡೂ ಕಿವಿಗೆ ಹಿಯರಿಂಗ್ ಏಡ್: ನಾಲ್ಕು ವರ್ಷ ಬಳಸಿದ ಮೇಲೆ

ಹಿಯರಿಂಗ್ ಏಡ್ ಕೊಳ್ಳಲು ಹೊರಟವರು ಯಾವ ಕಂಪನಿ ಅಂತ ಆಮೇಲೆ ನೋಡಿ. ಕಿವಿ ಪರೀಕ್ಷೆ ಮಾಡಿ ಅದನ್ನು ಸೆಟ್ ಮಾಡುವ ತಜ್ಞರು, ಅಂದರೆ ಆಡಿಯಾಲಜಿಸ್ಟ್, ಯಾರು ಅಂತ ಮೊದಲು ವಿಚಾರಿಸಿ. ನನ್ನ ಜೋಡಿ ಮೊದಲ ವರ್ಷ ಅರ್ಧಂಬರ್ಧ ಕೆಲಸ ಮಾಡಿತು. ಬೇರೆ ಕಡೆ ಸೆಟ್ ಮಾಡಿಸಿದ ಮೇಲೆ ಅದೇ ಮಿಷನ್ ಸರಿಹೋಯಿತು.

ನನ್ನದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಿವಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಪವರ್ ಪ್ರೆಸ್ ಪಕ್ಕ ನಿಂತವನು. ನಮ್ಮ ಶಾಪಿನಲ್ಲಿ ಕಿವಿಗೆ ಪ್ಲಗ್ ಕೊಡುವ ಪದ್ಧತಿಯೇ ಇರಲಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅನ್ನುವುದು ಒಂದು ಅಳತೆ. ಅದರ ಮೇಲೆ 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 94ಕ್ಕೆ ಒಂದೇ ಗಂಟೆ. ಪ್ರೆಸ್ ಶಾಪಿನಲ್ಲಿ ಪಕ್ಕದವರ ಜೊತೆ ಮಾತಾಡಬೇಕಾದರೆ ಕಿರುಚಬೇಕಿತ್ತು. ಕಿವಿಯೊಳಗೆ ಕೂದಲಿನಂಥ ಜೀವಕೋಶಗಳು ಒಂದೊಂದು ಕಡೆ ಸುಮಾರು 15,000 ಇರುತ್ತವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಈಗ ಗ್ರೈಂಡರ್, ಪ್ರೆಸ್ ಹತ್ತಿರ ಕೆಲಸ ಮಾಡುವ ಹುಡುಗರು ಫೋಮ್ ಪ್ಲಗ್ಗನ್ನು ಚೆನ್ನಾಗಿ ಹೊಸೆದು, ಕಿವಿಯ ಮೇಲ್ಭಾಗ ಹಿಂದಕ್ಕೆ ಎಳೆದು ಒಳಗೆ ಹಾಕಿಕೊಳ್ಳಿ. ಸುಮ್ನೆ ಕಿವಿಯ ತೂತಿನ ಹೊರಬಾಯಿಗೆ ಸಿಕ್ಕಿಸಿದರೆ ಉಪಯೋಗವಿಲ್ಲ.

ಆಡಿಯೋಗ್ರಾಮ್ ಅಂದರೆ ಯಾವ ಸದ್ದು ಎಷ್ಟು ಕೇಳಿಸುತ್ತದೆ ಅಂತ ತೋರಿಸುವ ನಕ್ಷೆ; ಗೆರೆ ಕೆಳಗಿಳಿದಷ್ಟೂ ಕೇಳುವುದು ಕಡಿಮೆ, ಹರ್ಟ್ಜ್ ಏರಿದಷ್ಟೂ ಸದ್ದು ಕೀರಲು. ನನ್ನದರಲ್ಲಿ ಗೆರೆ 2000 ಹರ್ಟ್ಜ್ ತನಕ ಪರವಾಗಿಲ್ಲ, 4000ದ ಹತ್ತಿರ ದಬಕ್ಕನೆ ಕೆಳಗೆ ಬಿದ್ದು, 8000ಕ್ಕೆ ಸ್ವಲ್ಪ ಮೇಲೆದ್ದಿದೆ. ಸದ್ದಿನಿಂದ ಕೆಟ್ಟ ಕಿವಿಯ ಗುರುತೇ ಇದು. ಸ್ವರಗಳು ಕೇಳಿಸುತ್ತವೆ. ಸ, ಶ, ಚ, ಟ ಇವು ಕೈಕೊಡುತ್ತವೆ. ಸೊಸೆ "ಮಾವ, ಸಾರು ಬೇಕಾ" ಅಂದರೆ ನನಗೆ "ಆರು ಬೇಕಾ" ಅಂತ ಬೀಳುತ್ತಿತ್ತು. ಏನಮ್ಮ ಆರು ಅಂತ ಕೇಳಿದರೆ ಮನೆಯೆಲ್ಲ ನಗು. ಇಂಥವರ ಹತ್ತಿರ ಕಿರುಚಿ ಪ್ರಯೋಜನವಿಲ್ಲ. ಎದುರಿಗೆ ಬಂದು, ನಿಧಾನವಾಗಿ ಹೇಳಿದರೆ ಸಾಕು.

ತೆಗೆದುಕೊಂಡಿದ್ದು ಕಿವಿ ಹಿಂದೆ ಕೂರುವ, ತೆಳ್ಳಗಿನ ವೈರ್ ತುದಿಯಲ್ಲಿ ಪುಟ್ಟ ಸ್ಪೀಕರ್ ಇರುವ ಆರ್‌ಐಸಿ ಮಾದರಿ. ಮಧ್ಯಮ ದರ್ಜೆಯದು. ಜೋಡಿಗೆ ಲಕ್ಷದ ಆಸುಪಾಸು. ಅದಕ್ಕೆ ಎರಡರಷ್ಟು ಬೆಲೆಯದನ್ನೂ ತೋರಿಸಿದರು. ಜಾಸ್ತಿ ದುಡ್ಡು ಹೋಗುವುದು ಮುಖ್ಯವಾಗಿ ಗದ್ದಲದಲ್ಲಿ ಮಾತು ಬೇರ್ಪಡಿಸುವ ಸೌಲಭ್ಯಗಳಿಗೆ. ದಿನವೂ ಮೀಟಿಂಗ್ ಇರುವವರಿಗೆ ಅದು ಬೇಕಾಗಬಹುದು. ಮನೆ, ಮೆಟ್ರೋ, ದೇವಸ್ಥಾನ ಅಂತ ಓಡಾಡುವ ನನ್ನಂಥವನಿಗೆ ಮಧ್ಯಮ ಧಾರಾಳ ಸಾಕು.

ಮೊದಲ ಅಂಗಡಿಯಲ್ಲಿ ಆಡಿಯೋಗ್ರಾಮನ್ನು ಕಂಪ್ಯೂಟರಿಗೆ ಹಾಕಿ, ಒಂದು ಬಟನ್ ಒತ್ತಿ, "ಕೇಳಿಸ್ತಾ ಅಂಕಲ್?" ಅಂದರು. ಎದುರಿಗೆ ಕೂತು ಮಾತಾಡಿದರೆ ಯಾರಿಗೆ ಕೇಳಿಸಲ್ಲ ಹೇಳಿ! ಮನೆಗೆ ಬಂದರೆ ಟಿವಿ ಮಾತ್ರ ಜೋರು, ಮಾತು ಅಷ್ಟಕ್ಕಷ್ಟೇ. ಆಮೇಲೆ ಹೋದ ಕ್ಲಿನಿಕ್ಕಿನಲ್ಲಿ ರಿಯಲ್ ಇಯರ್ ಮೆಷರ್‌ಮೆಂಟ್ ಮಾಡಿದರು. ದಾರಕ್ಕಿಂತ ಸ್ವಲ್ಪ ದಪ್ಪದ ಮೆತ್ತನೆ ಕೊಳವೆಯನ್ನು ಕಿವಿಯೊಳಗೆ, ಕಿವಿತಮಟೆಯ ಹತ್ತಿರದ ತನಕ ಇಟ್ಟು, ಅದರ ಮೇಲೆ ಮಿಷನ್ ತೊಡಿಸುತ್ತಾರೆ. ಎದುರಿನ ಸ್ಪೀಕರಿನಿಂದ ಮಾತಿನ ಸದ್ದು ಬಿಡುತ್ತಾರೆ. ತಮಟೆಗೆ ನಿಜವಾಗಿ ಎಷ್ಟು ತಲುಪುತ್ತಿದೆ ಅನ್ನುವುದು ಪರದೆಯ ಮೇಲೆ ಗೆರೆಯಾಗಿ ಬರುತ್ತದೆ. ನನ್ನ ಗೆರೆ 3000 ದಾಟಿದ ಮೇಲೆ ಬೇಕಾದ್ದಕ್ಕಿಂತ ತುಂಬಾ ಕೆಳಗಿತ್ತು. ಅವರು ಸ್ವಲ್ಪ ಸ್ವಲ್ಪವೇ ಏರಿಸಿದರು. ಅಲ್ಲಿಂದ ಎದ್ದು ಹೊರಗೆ ನಡೆದರೆ ನನ್ನ ಚಪ್ಪಲಿಯೇ ಸರಕ್ ಸರಕ್ ಅನ್ನುತ್ತಿತ್ತು. ಕೊಳ್ಳುವ ಮೊದಲೇ "ಈ ಪರೀಕ್ಷೆ ಮಾಡ್ತೀರಾ?" ಅಂತ ಕೇಳಿ. ಮುಖ ಮುಖ ನೋಡಿಕೊಂಡರೆ ಎದ್ದು ಬನ್ನಿ.

ಸೆಟ್ ಆದ ಮೇಲೂ ಕೆಲವು ವಾರ ಹಿಂಸೆಯೇ. ಸ್ಟೀಲ್ ತಟ್ಟೆ ಇಟ್ಟರೆ ತಲೆಗೆ ಹೊಡೆದಂತೆ, ಪೇಪರ್ ಮಡಚಿದರೂ ಸಿಟ್ಟು. ಬಿಚ್ಚಿ ಡಬ್ಬಿಗೆ ಹಾಕಿಬಿಟ್ಟರೆ ಮಿದುಳು ಯಾವತ್ತೂ ಹೊಂದಿಕೊಳ್ಳುವುದಿಲ್ಲ. ಈಗ ಹಸಿರು ಮಾರ್ಗದ ಮೆಟ್ರೋದಲ್ಲಿ "ಮುಂದಿನ ನಿಲ್ದಾಣ ಯಶವಂತಪುರ" ಬೋರ್ಡ್ ನೋಡದೆಯೇ ತಿಳಿಯುತ್ತದೆ. ಫೋನ್ ಮಾತು ಬ್ಲೂಟೂತಿನಲ್ಲಿ ಎರಡೂ ಕಿವಿಗೆ ನೇರ ಬರುತ್ತದೆ. ನನಗೆ ಅದೇ ದೊಡ್ಡ ಲಾಭ.

ಸೋಲುವುದು ದರ್ಶಿನಿಯಲ್ಲಿ. ತಟ್ಟೆ, ಮಿಕ್ಸಿ, ಟೋಕನ್ ಕೂಗು ಎಲ್ಲ ಒಟ್ಟಿಗೆ. ಅಲ್ಲಿ ಅಡುಗೆಮನೆಗೆ ಬೆನ್ನು ಹಾಕಿ ನಿಲ್ಲುತ್ತೇನೆ. ಮೈಕ್ ಎದುರಿನ ಮಾತನ್ನು ಜಾಸ್ತಿ ಹಿಡಿಯುತ್ತದೆ, ಹಿಂದಿನದನ್ನು ತಗ್ಗಿಸುತ್ತದೆ. ಛತ್ರದಲ್ಲಿ ವಾಲಗದವರು ಶುರುಮಾಡಿದರೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಹೆಲ್ಮೆಟ್ ಇನ್ನೊಂದು ತಲೆನೋವು. ಒಳಗೆ ಕುಯ್ಯೋ ಅನ್ನುತ್ತದೆ, ತೆಗೆಯುವಾಗ ಮಿಷನ್ನೂ ಜೊತೆಗೆ ಕಿತ್ತು ಬರುತ್ತದೆ. ಸ್ಕೂಟರ್ ಹತ್ತುವ ಮೊದಲು ಡಬ್ಬಿಗೆ ಹಾಕುವುದೇ ವಾಸಿ.

ಮಳೆಗಾಲದಲ್ಲಿ ರಾತ್ರಿ ಬ್ಯಾಟರಿ ಬಾಗಿಲು ತೆಗೆದು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಕಂದು ಸ್ಟಿಕ್ಕರಿನ 312 ಬ್ಯಾಟರಿ ನನಗೆ ಹೆಚ್ಚು ಕಡಿಮೆ ಒಂದು ವಾರ ಬರುತ್ತದೆ. ಗಾಳಿ ತಗಲಿದರೆ ಕೆಲಸ ಮಾಡುವ ಬ್ಯಾಟರಿ ಅದು. ಸ್ಟಿಕ್ಕರ್ ಕಿತ್ತು ಎರಡು ಮೂರು ನಿಮಿಷ ಬಿಟ್ಟು ಹಾಕಿ. ಮಕ್ಕಳಿಗೆ ಸಿಗದಂತೆ ಎತ್ತಿಡಿ, ನುಂಗಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಮಿಷನ್ ಇದ್ದಕ್ಕಿದ್ದಂತೆ ಸುಮ್ಮನಾದರೆ ಮೊದಲು ವ್ಯಾಕ್ಸ್ ಗಾರ್ಡ್, ಅಂದರೆ ಸ್ಪೀಕರ್ ತುದಿಯಲ್ಲಿ ಕಿವಿಯ ಗುಗ್ಗೆ ತಡೆಯುವ ಪುಟ್ಟ ಜಾಲರಿ, ಬದಲಿಸಿ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ತೊಂದರೆ ಅದೊಂದೇ.

ಕೊಳ್ಳುವವರಿಗೆ ಇನ್ನೊಂದೆರಡು ಮಾತು. ಹಿಯರಿಂಗ್ ಏಡಿಗೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ನೋಡಿಕೊಳ್ಳಿ. ಕಡಿಮೆ ಆದಾಯದವರಿಗೆ ಕೇಂದ್ರದ ಎಡಿಪ್ ಯೋಜನೆಯಿದೆ, ಅಂಗವೈಕಲ್ಯ ಇರುವವರಿಗೆ ಸಾಧನ ಕೊಡಿಸುವ ಯೋಜನೆ ಅದು. ಪರೀಕ್ಷೆಗೆ ಬೆಂಗಳೂರಿನ ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ, ಮೈಸೂರಿಗೆ ಹೋಗಬಲ್ಲವರಿಗೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಆಯಿಷ್) ಇದೆ. ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ ಆಂಪ್ಲಿಫೈಯರ್ ನಿಮ್ಮ ಆಡಿಯೋಗ್ರಾಮ್ ನೋಡಿ ಸೆಟ್ ಆದದ್ದಲ್ಲ, ಅದು ಬೇಡ. "ಹಾಕದಿದ್ರೆ ಮರೆವಿನ ಕಾಯಿಲೆ ಬರುತ್ತೆ ಸರ್" ಅಂತ ಹೆದರಿಸುವವರೂ ಇದ್ದಾರೆ. ಮಧ್ಯವಯಸ್ಸಿನ ಕಿವುಡಿಗೂ ಡಿಮೆನ್ಷಿಯಾಕ್ಕೂ ನಂಟಿದೆ ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2020ರ ವರದಿಯಲ್ಲಿ ಹೇಳಿದ್ದು ನಿಜ. ಆದರೆ ಮಿಷನ್ ಹಾಕಿದರೆ ಬರುವುದೇ ಇಲ್ಲ ಅಂತ ಅದು ಗ್ಯಾರಂಟಿ ಕೊಟ್ಟಿಲ್ಲ ಅಲ್ವಾ?

ಒಂದು ಕಿವಿ ಹಠಾತ್ತಾಗಿ ಕೇಳದಾದರೆ ಮಾತ್ರ ಮಿಷನ್ ಅಂಗಡಿ ಹುಡುಕಬೇಡಿ. ಅದೇ ದಿನ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಕೊಡುವ ಸ್ಟೆರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು.

ಮಿಷನ್ನಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದದ್ದು ಆ ಪುಟಾಣಿ ಬ್ಯಾಟರಿಗೆ. ಬೆರಳು ಮೊದಲಿನಷ್ಟು ಮಾತು ಕೇಳುತ್ತಿಲ್ಲ, ಮುಂದಿನ ಜೋಡಿ ಚಾರ್ಜ್ ಆಗುವಂಥದ್ದೇ ತಗೊಳ್ಳುತ್ತೇನೆ.